ವಿದ್ಯುತ್ ಪ್ರವಾಹ: ಮನೆಯಲ್ಲಿ, ಜೀಪಿನಲ್ಲಿ, ಬೇಲಿಯಲ್ಲಿ
(ಸಕಲೇಶಪುರ, ಆಲೂರು ಭಾಗದ ಬೆಳೆಗಾರರನ್ನು ಉದ್ದೇಶಿಸಿದ ಭಾಷಣ)



ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರಿಗೆ ವಿದ್ಯುತ್ತು ಮನೆಗೆ ಬೇಕು, ಜೀಪಿಗೆ ಬೇಕು, ಆನೆ ತಡೆಯುವ ಬೇಲಿಗೂ ಬೇಕು. ಎಲ್ಲೆಡೆಯೂ ನಾವು ಕೇಳುವುದು "ಎಷ್ಟು ವೋಲ್ಟ್?" ಎಂದು. ಆದರೆ ತಂತಿಯನ್ನು ಕಾಯಿಸುವುದು, ಜೀವಕ್ಕೆ ಎರವಾಗುವುದು ಹರಿಯುವ ಪ್ರವಾಹ. ಅದರ ಅಳತೆಯೇ ಆಂಪೇರ್. ಗುಡ್ಡದ ಮೇಲಿನ ತೊಟ್ಟಿಯ ಎತ್ತರ ವೋಲ್ಟ್ ಆದರೆ, ಪೈಪಿನಲ್ಲಿ ಹರಿಯುವ ನೀರು ಆಂಪೇರ್.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿರಿ. ಮನೆಯ 230 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬು ಎಳೆಯುವುದು ಸುಮಾರು ಕಾಲು ಆಂಪೇರ್. ಜೀಪಿನ 12 ವೋಲ್ಟಿನಲ್ಲಿ ಅಷ್ಟೇ ವ್ಯಾಟಿನ ಹೆಡ್‌ಲೈಟು ಎಳೆಯುವುದು 5 ಆಂಪೇರ್. ಬೆಳಕಿಗೆ ಹೆಚ್ಚು ಪ್ರವಾಹ ಬೇಕಾದ್ದರಿಂದ ಜೀಪಿಗೆ ದಪ್ಪ ತಂತಿ ಬೇಕು. 2000 ವ್ಯಾಟಿನ ಗೀಸರ್ ಸುಮಾರು 9 ಆಂಪೇರ್ ಎಳೆಯುತ್ತದೆ. ಅದನ್ನು 5 ಆಂಪೇರ್ ಪ್ಲಗ್ಗಿಗೆ ಹಾಕಬಾರದು. ಫ್ಯೂಸು ಹೋದಾಗ ಸಿಕ್ಕಿದ ದಪ್ಪ ತಾಮ್ರದ ತಂತಿ ಕಟ್ಟಿದರೆ, ಫ್ಯೂಸಿನ ಬದಲು ಗೋಡೆಯೊಳಗಿನ ತಂತಿ ಸುಡುತ್ತದೆ.

ಅಳೆಯುವ ಬಗೆ

ಮನೆಯ ಲೈನಿಗೆ ಕ್ಲ್ಯಾಂಪ್ ಮೀಟರ್ ಉತ್ತಮ. ಅದನ್ನು ಒಂದೇ ತಂತಿಯ ಸುತ್ತ ಹಾಕಬೇಕು. ಹೋಗುವ, ಬರುವ ಎರಡು ತಂತಿಗಳನ್ನೂ ಸೇರಿಸಿದರೆ ಸೊನ್ನೆ ತೋರಿಸುತ್ತದೆ. ಸಾಮಾನ್ಯ ಎ.ಸಿ. ಕ್ಲ್ಯಾಂಪು ಬ್ಯಾಟರಿಯ ಡಿ.ಸಿ. ಪ್ರವಾಹವನ್ನು ಅಳೆಯುವುದಿಲ್ಲ. ಬೋರ್ಡು ತೆರೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರೀಷಿಯನ್ನರದು.

ನಿಂತ ಜೀಪಿನ ಬ್ಯಾಟರಿ ಇಳಿಯುತ್ತಿದೆಯೇ? ಬೀಗದ ಕೀಲಿ ತೆಗೆದು, ದೀಪ ಆರಿಸಿ, ಮೈನಸ್ ಕೇಬಲ್ಲು ಬಿಚ್ಚಿರಿ. ಮಲ್ಟಿಮೀಟರನ್ನು 10 ಆಂಪೇರಿಗಿಟ್ಟು, ಆ ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಿರಿ. ಅರ್ಧ ಆಂಪೇರ್ ಸೋರುತ್ತಿದ್ದರೆ 60 ಆಂಪೇರ್-ಗಂಟೆಯ ಬ್ಯಾಟರಿ ಐದೇ ದಿನಕ್ಕೆ ಬರಿದಾಗುತ್ತದೆ. ಒಂದೊಂದೇ ಫ್ಯೂಸು ತೆಗೆಯುತ್ತಾ ಹೋಗಿರಿ. ಯಾವುದನ್ನು ತೆಗೆದಾಗ ಸೋರಿಕೆ ನಿಂತಿತೋ ದೋಷ ಆ ದಾರಿಯಲ್ಲಿದೆ. ಮೀಟರು ಜೋಡಿಸಿದಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟರಿಗೆ ನೂರಾರು ಆಂಪೇರ್ ಬೇಕು. ಆಂಪೇರಿಗಿಟ್ಟ ಮೀಟರನ್ನು ಪ್ಲಗ್ಗಿಗಾಗಲಿ ಬ್ಯಾಟರಿಯ ಎರಡು ತುದಿಗಾಗಲಿ ಎಂದಿಗೂ ಮುಟ್ಟಿಸಬೇಡಿ. ಅದು ಶಾರ್ಟ್ ಆದಂತೆಯೇ.

ಬೇಲಿಯ ಎಚ್ಚರಿಕೆ

ಮನೆಗೆ ಹಾಕಿಸುವ ಆರ್‌ಸಿಸಿಬಿ ಸ್ವಿಚ್ಚು 0.03 ಆಂಪೇರ್ ಸೋರಿದರೇ ಲೈನು ಕಡಿಯುತ್ತದೆ. ಅದಕ್ಕಿಂತ ಹೆಚ್ಚಿನ ಪ್ರವಾಹ ದೇಹದಲ್ಲಿ ಹರಿದರೆ ಪ್ರಾಣಕ್ಕೆ ಅಪಾಯ. ಅಂದರೆ ಒಂದು 60 ವ್ಯಾಟ್ ಬಲ್ಬಿನ ಪ್ರವಾಹದ ಎಂಟನೇ ಒಂದು ಭಾಗ ಸಾಕು! 5 ಆಂಪೇರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಫ್ಯೂಸು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

ಆಲೂರು, ಸಕಲೇಶಪುರದ ಆನೆ ಸಂಘರ್ಷವನ್ನು 2012ರ ಕರ್ನಾಟಕ ಆನೆ ಕಾರ್ಯಪಡೆಯ ವರದಿಯೂ ಪರಿಶೀಲಿಸಿತ್ತು. ಬೆಳೆ ಕಳೆದುಕೊಂಡವರ ಸಂಕಟ ದೊಡ್ಡದು. ಆದರೂ ಮನೆಯ ಲೈನನ್ನು ನೇರ ಬೇಲಿಗೆ ಕೊಡಬೇಡಿ. ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟ್ ಕೊಟ್ಟರೂ ಸೆಕೆಂಡಿಗೆ ಸುಮಾರು ಒಂದೇ ಬಾರಿ, ಕ್ಷಣಮಾತ್ರ ಕೊಡುತ್ತದೆ. ಆನೆ ಬೆದರಿ ಹಿಂದೆ ಸರಿಯುತ್ತದೆ. ನೇರ ಲೈನು ಬಿಡುವುದೇ ಇಲ್ಲ. ಆನೆಯಷ್ಟೇ ಅಲ್ಲ, ಬೆಳಗ್ಗೆ ತೋಟಕ್ಕೆ ಬರುವ ಕೆಲಸದಾಳು, ನಿಮ್ಮದೇ ಹಸು, ಮಕ್ಕಳು ಸಾಯಬಹುದು. ಅದು ಶಿಕ್ಷಾರ್ಹ ಅಪರಾಧವೂ ಹೌದು.

ಮಳೆಗಾಲಕ್ಕೆ ಮುನ್ನ ಬೇಲಿಗೆ ತಾಗುವ ಗಿಡಗಂಟಿ ಸವರಿರಿ, ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿರಿ, ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿರಿ.