ಮೆಟ್ಟಿಲಂಚಲ್ಲಿ ಏರ್ತಾನೇ ಹೋಗೋ ವೇಗ

1910ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಕಲ್ಲಿನ ಅಣೆಕಟ್ಟಿನೊಳಗೆ ಒತ್ತಡ ಹೇಗೆ ಹರಡುತ್ತೆ ಅಂತ ಲೆಕ್ಕ ಹಾಕಿಸೋಕೆ ಹುಡುಗರಿಗೆ ದುಡ್ಡು ಕೊಡ್ತಿದ್ರು. ಚೌಕಳಿಯ ಒಂದೊಂದು ಬಿಂದುವಿಗೂ ಇಷ್ಟು ಅಂತ. ಮೂರಂಕಿಯ ಲೆಕ್ಕ ಆದ್ರೆ ಹೆಚ್ಚೂಕಡಿಮೆ ಆರು ಬಿಂದುವಿಗೆ ಒಂದು ಪೆನ್ನಿ. ತಪ್ಪಾದದ್ದು ಲೆಕ್ಕಕ್ಕಿಲ್ಲ. ಚುರುಕಾದ ಒಬ್ಬ ಹುಡುಗ ವಾರಕ್ಕೆ 2,000 ಮುಗಿಸ್ತಿದ್ದ. ಅವರೆಲ್ಲ ಹೆಚ್ಚು ಎಡವ್ತಿದ್ದದ್ದು ಎಲ್ಲಿ ಗೊತ್ತಾ? ಪ್ಲಸ್ಸು ಮೈನಸ್ಸು ಬೆರೆತ ಕಡೆ! ಇದನ್ನ ಓದಿದ ದಿನ ಆ ಹುಡುಗರ ಕೆಲಸ ನಾನೇ ಮಾಡಿ ನೋಡ್ಬೇಕು ಅನ್ನಿಸ್ತು.

ಎಕ್ಸೆಲ್ ತೆಗೆದೆ. ಅಣೆಕಟ್ಟಿನ ಬದಲು ನೀರು ಹರಿಯೋ ಒಂದು ಕಾಲುವೆ, ತಳದಲ್ಲಿ ಒಂದು ಮೆಟ್ಟಿಲು. ಮೇಲಿನ ಗೋಡೆಗೆಲ್ಲ 100, ತಳಕ್ಕೂ ಮೆಟ್ಟಿಲಿಗೂ 0. ನೀರು ಒಳಗೆ ಬರೋ ಕಡೆ, ಹೊರಗೆ ಹೋಗೋ ಕಡೆ, 0ಯಿಂದ 100ಕ್ಕೆ ಸಮವಾಗಿ ಏರಿಸಿದೆ. ನಡುವಿನ ಕೋಶಗಳಿಗೆಲ್ಲ ಒಂದೇ ಸೂತ್ರ: ಮೇಲೆ, ಕೆಳಗೆ, ಎಡ, ಬಲ ಕೂಡಿಸಿ ನಾಲ್ಕರಿಂದ ಭಾಗಿಸು. ಇದನ್ನೇ ಮತ್ತೆ ಮತ್ತೆ ಮಾಡಿಸಿದ್ರೆ ಸಂಖ್ಯೆಗಳು ಮೊದಲು ಜಿಗಿದಾಡಿ, ಆಮೇಲೆ ನಿಧಾನವಾಗಿ ತಮ್ಮ ತಮ್ಮ ಜಾಗದಲ್ಲಿ ನಿಲ್ತವೆ.

ಇರಿ, ಒಂದು ಮಾತು ಬಿಟ್ಟೆ. ಈ ಸಂಖ್ಯೆ ವೇಗ ಅಲ್ಲ. ಒಂದೇ ಸಂಖ್ಯೆಯ ಬಿಂದುಗಳನ್ನ ಸೇರಿಸಿ ಗೆರೆ ಎಳೆದ್ರೆ ಅದು ನೀರು ಸಾಗೋ ದಾರಿ. ಗೆರೆಗಳು ಒತ್ತೊತ್ತಾಗಿದ್ದ ಕಡೆ ವೇಗ ಜಾಸ್ತಿ.

ಈಗ ನನ್ನ ತಕರಾರು. ಗ್ರಿಡ್ ಸಣ್ಣ ಮಾಡಿದಷ್ಟೂ ಉತ್ತರ ನಿಖರ ಆಗುತ್ತೆ ಅಂತಾರೆ. ಕಾಲುವೆಯ ನಡುವೆ ಹೌದು. ಮೆಟ್ಟಿಲಿನ ಚೂಪು ಅಂಚಿಗೆ ಬನ್ನಿ. ಅಂಚಿನ ಪಕ್ಕದ ಬಿಂದುವಲ್ಲಿ ವೇಗ ಅಳೆದೆ. ಗ್ರಿಡ್ ಅರ್ಧ ಮಾಡಿದೆ, ಏರಿತು. ಮತ್ತೆ ಅರ್ಧ, ಮತ್ತೆ ಏರಿತು. ಸೂತ್ರದಲ್ಲಿ ತಪ್ಪಿರ್ಬೇಕು ಅಂತ ರಾತ್ರಿಯೆಲ್ಲ ಹುಡುಕಿದೆ. ತಪ್ಪು ಇರಲಿಲ್ಲ. ತೊಂಬತ್ತು ಡಿಗ್ರಿ ಅಂಚನ್ನ ಸುತ್ತಿ ಹೋಗೋ ಆದರ್ಶ ದ್ರವದ ವೇಗಕ್ಕೆ ಅಲ್ಲಿ ಮಿತಿಯೇ ಇಲ್ಲ: ಅಂಚಿಗೆ ಎಂಟು ಪಟ್ಟು ಹತ್ತಿರ ಹೋದ್ರೆ ವೇಗ ಎರಡು ಪಟ್ಟು. ಅದು ಸಮೀಕರಣದ ಗುಣ, ಕಂಪ್ಯೂಟರಿನ ದೋಷ ಅಲ್ಲ. ಈ ಮಾತನ್ನ ಪಾಠದ ಮೊದಲ ದಿನವೇ ಹೇಳ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಬೇಗ ಮುಗೀಬೇಕಾ? ಹೊಸ ಬೆಲೆ ಸಿಕ್ಕ ತಕ್ಷಣ ಪಕ್ಕದ ಕೋಶಕ್ಕೆ ಬಳಸಿ, ಅದು ಗಾಸ್-ಸೈಡಲ್. ಬೆಲೆಯನ್ನ ಬೇಕಂತಲೇ ಸ್ವಲ್ಪ ಮುಂದಕ್ಕೆ ತಳ್ಳಿದ್ರೆ ಇನ್ನೂ ಬೇಗ. ಅದರ ಸಿದ್ಧಾಂತವನ್ನ 1950ರಲ್ಲಿ ಡೇವಿಡ್ ಯಂಗ್ ಕಟ್ಟಿಕೊಟ್ರು.

ಹಾಂ, ಆದರ್ಶ ದ್ರವ ಅಂದೆನಲ್ಲ, ಅದಕ್ಕೆ ಸ್ನಿಗ್ಧತೆಯೇ ಇಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಇದನ್ನ 'ಒಣ ನೀರು' ಅಂತಿದ್ದದ್ದನ್ನ ಭೌತವಿಜ್ಞಾನಿ ಫೈನ್‌ಮನ್ ತಮ್ಮ ಉಪನ್ಯಾಸದಲ್ಲಿ ನೆನೀತಾರೆ. ಒದ್ದೆ ನೀರು ಅಂಚನ್ನ ಹಾಗೆ ಅಪ್ಪಿಕೊಂಡು ತಿರುಗಲ್ಲ, ಗೋಡೆ ಬಿಟ್ಟು ಅಲ್ಲೇ ಸುಳಿ ಕಟ್ಟುತ್ತೆ. ನನ್ನ ಹಾಳೆಯಲ್ಲಿ ಸುಳಿ ಹುಡುಕಬೇಡಿ. ಅಂಚನ್ನ ಸ್ವಲ್ಪ ಉರುಟು ಮಾಡಿ, ಗ್ರಿಡ್ ಮತ್ತೆ ಅರ್ಧ ಮಾಡ್ತಾ ಹೋಗಿ ನೋಡಿ: ಈ ಸಲ ವೇಗ ಒಂದು ಕಡೆ ನಿಲ್ಲುತ್ತೆ.