ಶಾಲೆ ಯಾರಿಗೆ ಲೆಕ್ಕ ಒಪ್ಪಿಸಬೇಕು?



‘ಶಾಲೆಗಳ ಆಡಳಿತ’ ಎಂಬುದು ಈ ಸಂಜೆಗೆ ಗೊತ್ತುಮಾಡಿದ ವಿಷಯ. ಅದು ತುಂಬ ದೊಡ್ಡದು. ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಶಾಲೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದಾಗ ಎದುರಿಗೆ ಬಂದು ಉತ್ತರ ಹೇಳಬೇಕಾದವರು ಯಾರು? ಉತ್ತರ ಕೇಳುವ ಹಕ್ಕು ಯಾರಿಗಿದೆ?

ಕುಂದಲಹಳ್ಳಿಯಲ್ಲಿ ನಿಂತು ಇದನ್ನು ಕೇಳುವುದಕ್ಕೆ ಕಾರಣವಿದೆ. 2014ರ ಜುಲೈ ತಿಂಗಳು ಇಲ್ಲಿ ಹಲವರಿಗೆ ನೆನಪಿರಬೇಕು. ಇಲ್ಲೇ ಮಾರತಹಳ್ಳಿ ಬದಿಯ ವಿಬ್‌ಗಯಾರ್ ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಯಿತೆಂಬ ದೂರು ಬಂತು. ಸಾವಿರಾರು ತಂದೆತಾಯಂದಿರು ರಸ್ತೆಗಿಳಿದರು. ಐಟಿ ಕಂಪನಿಗಳ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರು, ಕೈಗೂಸು ಎತ್ತಿಕೊಂಡ ತಾಯಂದಿರು, ಅದುವರೆಗೆ ಯಾವ ಮೆರವಣಿಗೆಗೂ ಹೋಗದಿದ್ದವರು. ಸಂಸ್ಥೆಯ ಅಧ್ಯಕ್ಷರ ಬಂಧನವೂ ಆಯಿತು, ಆಮೇಲೆ ಜಾಮೀನು ಸಿಕ್ಕಿತು. ಬೆಂಗಳೂರು ನಗರದ ಪೊಲೀಸ್ ಕಮಿಷನರ್ ರಾಘವೇಂದ್ರ ಔರಾದಕರ್ ವರ್ಗವಾಗಿ, ಎಂ.ಎನ್. ರೆಡ್ಡಿ ಬಂದರು. ಮೊದಲು ಬಂಧಿಸಿದ್ದು ಒಬ್ಬರನ್ನು, ಆಮೇಲೆ ತನಿಖೆ ತಿರುಗಿದ್ದು ಬೇರೆಯವರ ಕಡೆಗೆ. ಅಪರಾಧದ ವಿಚಾರ ನ್ಯಾಯಾಲಯದ್ದು, ನಾನು ಅದಕ್ಕೆ ಕೈ ಹಾಕುವುದಿಲ್ಲ.

ನನ್ನ ಗಮನ ಇರುವುದು ಗೇಟಿನ ಮುಂದೆ ನಿಂತಿದ್ದ ಆ ಪೋಷಕರ ಮೇಲೆ. ವರ್ಷವರ್ಷ ಶುಲ್ಕ ಕಟ್ಟಿದವರು ಅವರು. ಆದರೂ ಶಾಲೆಯನ್ನು ನಡೆಸುತ್ತಿರುವವರು ಯಾರು, ಸಿಬ್ಬಂದಿಯ ಹಿನ್ನೆಲೆ ವಿಚಾರಿಸಿ ನೇಮಿಸುವವರು ಯಾರು, ದೂರು ಬಂದರೆ ಯಾರ ಮೇಜಿಗೆ ಹೋಗುತ್ತದೆ ಎಂದು ಕೇಳಬೇಕಾದರೆ ಅವರಿಗೆ ರಸ್ತೆಯೇ ಗತಿಯಾಯಿತು. ಒಳಗೆ ಕುಳಿತು ಕೇಳಲು ಅವರಿಗೊಂದು ಕುರ್ಚಿ ಇರಲಿಲ್ಲ. ಕಾನೂನು ಆ ಕುರ್ಚಿಯನ್ನು ಹಾಕಿಯೇ ಇರಲಿಲ್ಲ. ಇಂದಿಗೂ ಹಾಕಿಲ್ಲ.

ಖಾಸಗಿ ಶಾಲೆಯೊಂದರ ಒಡೆತನ ಹೇಗಿರುತ್ತದೆ ಎಂದು ಸ್ವಲ್ಪ ನೋಡೋಣ. ಲಾಭಕ್ಕಾಗಿ ಶಾಲೆ ನಡೆಸಬಾರದು ಎಂಬ ತತ್ತ್ವ ಇರುವುದರಿಂದ ಕಾಗದದ ಮೇಲೆ ಟ್ರಸ್ಟ್ ಇರುತ್ತದೆ, ಇಲ್ಲವೇ ಸೊಸೈಟಿ. ಎಷ್ಟೋ ಕಡೆ ಕಟ್ಟಡ ಒಬ್ಬರದು, ಹೆಸರು ಮತ್ತೊಬ್ಬರದು, ‘ಆಡಳಿತ ಸೇವೆ’ ಕೊಡುವ ಕಂಪನಿ ಇನ್ನೊಂದು. ಪ್ರಿನ್ಸಿಪಾಲರನ್ನು ಕೇಳಿದರೆ ‘ಮ್ಯಾನೇಜ್‌ಮೆಂಟ್ ತೀರ್ಮಾನ’ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಎಂದರೆ ಯಾರು ಎಂದು ಕೇಳಿದರೆ ಒಂದು ಇಮೇಲ್ ವಿಳಾಸ ಸಿಗುತ್ತದೆ. ಇಲ್ಲಿ ಕುಳಿತಿರುವ ಪೋಷಕರಲ್ಲಿ ತಮ್ಮ ಮಗುವಿನ ಶಾಲೆಯ ಟ್ರಸ್ಟಿಗಳಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲವರು ಎಷ್ಟು ಮಂದಿ ಇದ್ದೀರಿ? ನಿಮ್ಮನ್ನು ಹೀಯಾಳಿಸಲು ಕೇಳುತ್ತಿಲ್ಲ, ಅದನ್ನು ತಿಳಿದುಕೊಳ್ಳುವ ಜಾಗವನ್ನೇ ನಾವು ಕಟ್ಟಿಲ್ಲ.

ಸೊಸೈಟಿಗಳಲ್ಲಾದರೂ ಚುನಾವಣೆ ಇದೆಯಲ್ಲ ಎನ್ನಬಹುದು. ಇದೆ. 1906ರಲ್ಲಿ ಹುಟ್ಟಿದ ರಾಜ್ಯ ಒಕ್ಕಲಿಗರ ಸಂಘವನ್ನೇ ನೋಡಿ. ಹಳ್ಳಿಯ ಮಕ್ಕಳಿಗೆ ನಗರದಲ್ಲಿ ಹಾಸ್ಟೆಲು, ಓದು ಒದಗಿಸಿದ ದೊಡ್ಡ ಸಂಸ್ಥೆ. ವೈದ್ಯಕೀಯ ಕಾಲೇಜಿನವರೆಗೆ ಬೆಳೆದಿದೆ. ಅದೇ ಸಂಘದಲ್ಲಿ ಬಣಗಳ ಜಗಳ ವಿಕೋಪಕ್ಕೆ ಹೋಗಿ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಿತು. ಕೊನೆಗೆ 2021ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ವಿಚಾರಣೆಗೆ 25ನೇ ಕಲಮು ಇದೆ, ಆಡಳಿತಾಧಿಕಾರಿಯ ನೇಮಕಕ್ಕೆ 27-ಎ ಇದೆ. ಆದರೆ ಆ ಕಾಯ್ದೆಗೆ ಕಾಣುವುದು ಸಂಘದ ಸದಸ್ಯರು ಮಾತ್ರ. ಮತ ಹಾಕುವವರು ಆಜೀವ ಸದಸ್ಯರು. ಅವರ ಮಕ್ಕಳು ಅಲ್ಲಿ ಓದುತ್ತಿರಬೇಕೆಂದೇನಿಲ್ಲ. ಅಲ್ಲಿ ಓದುತ್ತಿರುವ ಮಗುವಿನ ತಂದೆತಾಯಿಗೆ ಮತವಿಲ್ಲ. ಯಾವುದೋ ಒಂದು ಸಂಘದ ಮೇಲಿನ ಆಕ್ಷೇಪಣೆ ಅಲ್ಲ ಇದು. ಜಾತಿ ಸಂಘಗಳು, ಮಠಗಳು, ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳೆಲ್ಲದರ ಕಥೆಯೂ ಇದೇ. ಅಧ್ಯಕ್ಷ ಪದವಿಗೆ ಜಗಳವಾಗುತ್ತದೆ, ಕೋರ್ಟಿಗೆ ಹೋಗುತ್ತದೆ. ಆ ಜಗಳದಲ್ಲಿ ಶಾಲೆಯ ಶೌಚಾಲಯದ ಮಾತು, ವರ್ಷದ ನಡುವೆ ಬಿಟ್ಟುಹೋದ ಗಣಿತದ ಮೇಷ್ಟರ ಮಾತು ಬರುವುದೇ ಇಲ್ಲ.

ಇದಕ್ಕೆ ಅಪವಾದಗಳೂ ಇವೆ. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರಂಥವರು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳುವೆ ಮಾಡಿದರು. ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅವರ ಸರಳತೆ ಬದಲಾಗಲಿಲ್ಲ. ಅಂಥವರು ಇದ್ದಾಗ ಲೆಕ್ಕ ಕೇಳುವ ಅಗತ್ಯವೇ ಕಾಣುವುದಿಲ್ಲ. ಆದರೆ ಪ್ರತಿ ಶಾಲೆಗೂ ಒಬ್ಬ ನರಸಿಂಹಯ್ಯ ಸಿಗುತ್ತಾರೆಂದು ನಂಬಿ ಮಕ್ಕಳನ್ನು ಕಳಿಸಲಾಗದು.

2014ರ ನಂತರ ಸರ್ಕಾರ ಸುಮ್ಮನಿರಲಿಲ್ಲ ಎಂಬುದನ್ನು ಹೇಳಬೇಕು. ಮಾರ್ಗಸೂಚಿಗಳು ಬಂದವು, 2016ರಲ್ಲಿ ಮಕ್ಕಳ ರಕ್ಷಣಾ ನೀತಿ ಬಂತು. ಕರ್ನಾಟಕ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದು ಮಕ್ಕಳ ಸುರಕ್ಷತೆಯ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸುವ 5-ಎ ಕಲಮು ಸೇರಿಸಿದರು, ತಪ್ಪಿದರೆ ಶಿಕ್ಷೆ ಎಂದು 112-ಎ ಸೇರಿಸಿದರು. 2023ರ ಜನವರಿಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಶುಲ್ಕ ನಿಯಂತ್ರಣದ ಕಲಮುಗಳನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಸುರಕ್ಷತೆಯ ಈ ಕಲಮುಗಳೂ ಬಿದ್ದವು. ಕೋರ್ಟಿನ ತರ್ಕಕ್ಕೆ ಬೇರು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿದೆ. ನಮ್ಮ ಮಣಿಪಾಲದಿಂದಲೇ ಹೋದ ಮೊಕದ್ದಮೆ ಅದು. ಹನ್ನೊಂದು ನ್ಯಾಯಮೂರ್ತಿಗಳು ಕುಳಿತು, ಅನುದಾನ ಪಡೆಯದ ಸಂಸ್ಥೆಗೆ ತನ್ನ ಆಡಳಿತ ತಾನೇ ನಡೆಸುವ, ಶುಲ್ಕ ತಾನೇ ನಿಗದಿ ಮಾಡುವ ಸ್ವಾತಂತ್ರ್ಯವಿದೆ, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು ಎಂದರು.

ಆ ಸ್ವಾತಂತ್ರ್ಯಕ್ಕೆ ನನ್ನ ವಿರೋಧವಿಲ್ಲ. ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಪ್ರತಿಯೊಂದಕ್ಕೂ ಸಹಿ ಹಾಕಬೇಕಾದರೆ ಏನಾಗುತ್ತದೆಂದು ಶಾಲೆ ನಡೆಸಿದವರಿಗೆ ಗೊತ್ತು. ಮಾನ್ಯತೆ ನವೀಕರಣಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಮೆಟ್ಟಿಲು ಹತ್ತಿ ಇಳಿದವರು ಕಣ್ಣೀರು ಹಾಕಿದ್ದನ್ನು ಕೇಳಿದ್ದೇನೆ. ಹಾಗಾದರೆ ಸರ್ಕಾರ ನೋಡಿಕೊಳ್ಳುವುದಿಲ್ಲ, ನೋಡಬಾರದು ಎನ್ನುತ್ತೀರಿ. ಸರಿ. ಪೋಷಕರೂ ನೋಡುವ ಹಾಗಿಲ್ಲ. ಮತ್ತೆ ನೋಡುವವರು ಯಾರು?

ಯಾರೂ ನೋಡದಿರುವುದರ ಫಲ ಎರಡು ಸಲ ಎದ್ದು ಕಂಡಿತು. ಕೋವಿಡ್ ಸಮಯದಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದಲ್ಲಿ ಶೇ. 70 ಮಾತ್ರ ತೆಗೆದುಕೊಳ್ಳಿ ಎಂದು ಸರ್ಕಾರ ಆದೇಶಿಸಿತು. ಶಾಲೆಯವರು ಬೀದಿಗಿಳಿದರು, ಪೋಷಕರೂ ಇಳಿದರು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ರಿಯಾಯಿತಿಯನ್ನು ಶೇ. 15ಕ್ಕೆ ಇಳಿಸಿತು. ಅಷ್ಟು ತಿಂಗಳು ಮಕ್ಕಳ ಆನ್‌ಲೈನ್ ಪಾಠದ ಲಿಂಕು ಎಷ್ಟೋ ಮನೆಗಳಲ್ಲಿ ಬಂದ್. ಶಾಲೆಯ ಖರ್ಚಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತಾಡುವ ಒಂದು ಮೇಜಿದ್ದಿದ್ದರೆ ಕೋರ್ಟಿನವರೆಗೆ ಹೋಗಬೇಕಿರಲಿಲ್ಲ. ಎರಡನೆಯದು 2023ರ ಜನವರಿ. ರಾಜ್ಯ ಪಠ್ಯಕ್ರಮದ ಶಾಲೆಗಳ ಐದು ಮತ್ತು ಎಂಟನೇ ತರಗತಿಗೆ ಸರ್ಕಾರ ಪಬ್ಲಿಕ್ ಪರೀಕ್ಷೆ ಎಂದಾಗ, ಸಿಬಿಎಸ್‌ಇ ಎಂದು ನಂಬಿ ಮಕ್ಕಳನ್ನು ಸೇರಿಸಿದ್ದ ಬೆಂಗಳೂರಿನ ಪೋಷಕರಿಗೆ ತಮ್ಮ ಶಾಲೆಗೆ ಆ ಮಾನ್ಯತೆಯೇ ಇಲ್ಲವೆಂದು ತಿಳಿಯಿತು. ಯಾವ ಬೋರ್ಡು ಎಂಬಷ್ಟು ಸಣ್ಣ ಸಂಗತಿ! ಅದು ತಿಳಿಯಲಿಕ್ಕೂ ಸರ್ಕಾರದ ಒಂದು ಪರೀಕ್ಷಾ ಸುತ್ತೋಲೆ ಬರಬೇಕಾಯಿತು.

ಈಗ ರಸ್ತೆ ದಾಟಿ ಸರ್ಕಾರಿ ಶಾಲೆಗೆ ಹೋಗೋಣ. ನಾವು ಹೆಮ್ಮೆಪಡಬೇಕಾದ, ಹಾಗೆಯೇ ನಾಚಿಕೆಪಡಬೇಕಾದ ಸಂಗತಿ ಅಲ್ಲಿದೆ.

2001ರಲ್ಲಿ, ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ, ಕರ್ನಾಟಕ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳನ್ನು ತೆಗೆದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ರಚಿಸಿತು. ಊರ ಗೌಡರು, ಮುಖಂಡರು ಬೇಡ, ಮಕ್ಕಳ ತಂದೆತಾಯಿಯೇ ಬರಲಿ, ಅಧ್ಯಕ್ಷರೂ ಅವರಲ್ಲೇ ಒಬ್ಬರಾಗಲಿ ಎಂದಿತು. ಈ ವ್ಯವಸ್ಥೆ ಉಳಿಯಬೇಕೆಂದು ವಿ.ಪಿ. ನಿರಂಜನಾರಾಧ್ಯರಂಥವರು ವರ್ಷಗಟ್ಟಲೆ ದುಡಿದಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇದೇ ವಿಚಾರವನ್ನು ದೇಶಕ್ಕೆಲ್ಲ ಹಬ್ಬಿಸಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಆದರೆ ಅದೇ ಕಲಮು ಅನುದಾನರಹಿತ ಖಾಸಗಿ ಶಾಲೆಗಳನ್ನು ಹೊರಗಿಟ್ಟಿತು.

ಹೀಗಾಗಿ ವಿಚಿತ್ರ ಪರಿಸ್ಥಿತಿ ಹುಟ್ಟಿದೆ. ವೈಟ್‌ಫೀಲ್ಡ್‌ನ ಕಂಪನಿಯಲ್ಲಿ ಕೋಟ್ಯಂತರ ರೂಪಾಯಿಯ ಬಜೆಟ್ ನೋಡುವ ಎಂಜಿನಿಯರಿಗೆ ಮಗನ ಶಾಲೆಯ ಒಂದು ಲೆಕ್ಕವನ್ನೂ ಕೇಳುವ ಅಧಿಕಾರವಿಲ್ಲ. ಅವರ ಮನೆಯಲ್ಲಿ ನೆಲ ಒರೆಸುವ ಹೆಂಗಸಿಗೆ ಕಾನೂನಿನ ಪ್ರಕಾರ ತನ್ನ ಮಗಳ ಶಾಲೆಯ ಖರ್ಚನ್ನು ಪರಿಶೀಲಿಸುವ ಅಧಿಕಾರವಿದೆ.

ಅಧಿಕಾರವಿದೆ, ಚಲಾಯಿಸಲು ಪುರುಸೊತ್ತಿಲ್ಲ. ಈ ಕಡೆಯ ಒಂದು ಸರ್ಕಾರಿ ಶಾಲೆಯ ಸಮಿತಿಯಲ್ಲಿರುವ ತಾಯಿಯೊಬ್ಬರ ಜೊತೆ ಮಾತಾಡಿದ್ದೆ. ಸಿಂಧನೂರು ಕಡೆಯವರು, ಗಂಡ ಕಟ್ಟಡ ಕೆಲಸ, ಇವರು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಸಭೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಅವರು ಎರಡನೇ ಮನೆಯ ಪಾತ್ರೆ ಮುಗಿಸಿ ಮೂರನೇ ಮನೆಗೆ ಹೋಗುತ್ತಿರುತ್ತಾರೆ. ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದಾಗ ನಡಾವಳಿ ಪುಸ್ತಕ ಮುಂದಿಡುತ್ತಾರಂತೆ. “ಸೈನ್ ಮಾಡು ಅಂದ್ರು, ಮಾಡೀನ್ರಿ. ಏನ್ ಬರದಾರ ಅಂತ ಓದಿ ಹೇಳವ್ರು ಯಾರದಾರ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆಡ್‌ಮೇಡಂ ಒಳ್ಳೆಯವರು ಎಂದೂ ಹೇಳಿದರು. ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆ, ಸುಣ್ಣಬಣ್ಣದ ಬಿಲ್ಲು, ಇಲಾಖೆಗೆ ಕಳಿಸುವ ಹತ್ತಾರು ನಮೂನೆಗಳು, ಎಲ್ಲವೂ ಆ ಮುಖ್ಯಶಿಕ್ಷಕಿಯ ತಲೆಯ ಮೇಲಿವೆ. ಅವರಿಗೂ ಸಹಿ ಆದರೆ ಸಾಕು.

ಅಲ್ಲಿರುವ ದುಡ್ಡಾದರೂ ಎಷ್ಟು? ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ ನೂರರಿಂದ ಇನ್ನೂರೈವತ್ತು ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 50,000 ರೂಪಾಯಿ. ಈ ರಸ್ತೆಯ ಎಷ್ಟೋ ಶಾಲೆಗಳಲ್ಲಿ ಒಂದೇ ಮಗುವಿನ ಶುಲ್ಕ ಅದಕ್ಕಿಂತ ಹೆಚ್ಚು. ದುಡ್ಡು ಅಷ್ಟೇ ಆದರೂ ಅಧ್ಯಕ್ಷಗಿರಿಗೆ ಪೈಪೋಟಿ ಆಗುತ್ತದೆ, ಶಾಸಕರ ಕಡೆಯವರು ಕೈಯಾಡಿಸುತ್ತಾರೆ, ಮುಖ್ಯಶಿಕ್ಷಕರಿಗೂ ಅಧ್ಯಕ್ಷರಿಗೂ ಸರಿಬರದೆ ಜಂಟಿ ಖಾತೆಯ ಚೆಕ್ಕಿಗೆ ಸಹಿ ಬೀಳದೆ ಕೆಲಸ ನಿಲ್ಲುತ್ತದೆ. ಇದನ್ನು ನೋಡಿ ‘ಅನಕ್ಷರಸ್ಥರಿಗೆ ಅಧಿಕಾರ ಕೊಟ್ಟರೆ ಇಷ್ಟೇ’ ಎನ್ನುವವರ ಮಾತು ನನಗೆ ಬಹಳ ನೋವು ತರುತ್ತದೆ. ಅಕ್ಷರ ಬಲ್ಲವರು ನಡೆಸುವ ಸಂಘಗಳ ಜಗಳವನ್ನು ಆಗಲೇ ನೋಡಿದೆವಲ್ಲ.

ಖಾಸಗಿ, ಸರ್ಕಾರಿ ಇವೆರಡರ ನಡುವಿನ ದಾರಿಯೂ ಒಂದಿದೆ. ಸರ್ಕಾರದ ಹಣ, ಖಾಸಗಿಯವರ ಕೈ ಎಂಬ ಆ ವ್ಯವಸ್ಥೆ ನಮಗೆ ಹೊಸದೇನಲ್ಲ. ಅನುದಾನಿತ ಶಾಲೆಗಳು ಮೊದಲಿನಿಂದ ಹಾಗೆಯೇ ಇವೆ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಸೀಟು ಪಡೆದ ಒಂದನೇ ತರಗತಿಯ ಮಗುವಿಗಾಗಿ ಸರ್ಕಾರ ಖಾಸಗಿ ಶಾಲೆಗೆ ವರ್ಷಕ್ಕೆ 16,000 ರೂಪಾಯಿವರೆಗೆ ಕಟ್ಟಿಕೊಡುತ್ತದೆ. 2019ರಿಂದ ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದ ಮೇಲೆ ಅದೂ ತೀರ ಕಡಿಮೆಯಾಯಿತು. ಅಮೆರಿಕದ ಚಾರ್ಟರ್ ಶಾಲೆಗಳು ಇದೇ ಹಾದಿಯವು. ಮಿನೆಸೋಟ ರಾಜ್ಯ 1991ರಲ್ಲಿ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಶಾಲೆ ಏನು ಸಾಧಿಸುತ್ತದೆ ಎಂಬ ಬರಹದ ಕರಾರು ಇರುತ್ತದೆ, ಅವಧಿ ಮುಗಿದಾಗ ಪರಿಶೀಲನೆಯಾಗುತ್ತದೆ, ಮಾತು ಉಳಿಸಿಕೊಳ್ಳದಿದ್ದರೆ ಮುಚ್ಚಬಹುದು. ಅಲ್ಲಿಯೂ ಹಣ ದುರುಪಯೋಗದ ಹಗರಣಗಳಾಗಿವೆ, ಮಂಡಳಿಗಳ ಕಾದಾಟವಿದೆ, ಅದನ್ನು ನಕಲು ಮಾಡಿ ಎಂದು ಹೇಳಲಾರೆ. ಆದರೆ ಆ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಆಡಳಿತ ಮಂಡಳಿಯಲ್ಲಿ ಆ ಶಾಲೆಯ ಒಬ್ಬ ಶಿಕ್ಷಕರು, ಒಬ್ಬ ಪೋಷಕರು, ಊರಿನ ಒಬ್ಬರು ಇರಲೇಬೇಕು. ಸಭೆ ಸಾರ್ವಜನಿಕರಿಗೆ ತೆರೆದಿರಬೇಕು.

ನಾನು ಕೇಳುವುದು ಅಷ್ಟೇ. ಶುಲ್ಕ ನಿಗದಿ ಮಾಡುವ ಅಧಿಕಾರ ಇಲಾಖೆಗೆ ಬೇಡ ಎನ್ನಿ, ಒಪ್ಪೋಣ. ಮಾನ್ಯತೆ ಪಡೆಯುವ ಪ್ರತಿ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರೇ ಆರಿಸಿದ ಇಬ್ಬರು, ಶಿಕ್ಷಕರು ಆರಿಸಿದ ಒಬ್ಬರು ಇರಲಿ. ಮಾನ್ಯತಾ ಪತ್ರ, ಬೋರ್ಡಿನ ಸಂಯೋಜನೆ, ಟ್ರಸ್ಟಿಗಳ ಹೆಸರು, ವರ್ಷದ ಜಮಾಖರ್ಚು ಶಾಲೆಯ ಮುಂಬಾಗಿಲಲ್ಲಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ತೂಗುಹಾಕಿರಲಿ. 1976ರಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೇ ಕಾನೂನು ಮಾಡಬಹುದು. ಕೋರ್ಟಿನಲ್ಲಿ ನಿಲ್ಲುವಂತೆ ಬರೆಯಲು ಬುದ್ಧಿವಂತ ವಕೀಲರು ನಮ್ಮಲ್ಲಿದ್ದಾರೆ. ಬೇಕಿರುವುದು ಮತ ಕೇಳಲು ಬರುವವರ ಮುಂದೆ ಇದನ್ನು ಇಡುವ ಪೋಷಕರು.

ಕಾನೂನಿಗೆ ಕಾಯದೆ ಆಗುವ ಕೆಲಸವೂ ಒಂದಿದೆ. ಎಇಸಿಎಸ್ ಬಡಾವಣೆ, ಬ್ರೂಕ್‌ಫೀಲ್ಡ್ ಕಡೆಯಿಂದ ಬಂದವರು ಇಲ್ಲಿ ತುಂಬ ಮಂದಿ ಇದ್ದೀರಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನನ್ನು ನಾಳೆ ಕೇಳಿ, ಅವರು ಎಸ್‌ಡಿಎಂಸಿ ಸದಸ್ಯರೇ ಎಂದು. ಹೌದಾದರೆ ಸಭೆಯ ದಿನ ಸಂಬಳ ಹಿಡಿಯದೆ ಅರ್ಧ ದಿನ ಬಿಟ್ಟುಕೊಡಿ. ಹಿಂದಿನ ಸಂಜೆ ಅವರ ಜೊತೆ ಕೂತು ಹೋದ ಸಭೆಯ ನಡಾವಳಿ, ಲೆಕ್ಕದ ಹಾಳೆ ಓದಿ ಹೇಳುವವರು ಬೇಕು. ಮುಖ್ಯಶಿಕ್ಷಕರನ್ನು ಕಂಡು ಸಭೆಯನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಾದೀತೇ ಎಂದು ವಿನಯದಿಂದ ಕೇಳುವವರು ಬೇಕು. ಬರುವವರು ಸಭೆ ಮುಗಿದ ಮೇಲೆ ಹೆಸರು, ಫೋನ್ ನಂಬರ್ ಬರೆಸಿ ಹೋಗಿ. ಈಗ ನಿಮ್ಮ ಪ್ರಶ್ನೆಗಳು ಬರಲಿ.