ನಮ್ಮೂರ ಸುದ್ದಿಯನ್ನು ನಾವೇ ಹೇಳೋಣ

(ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಂಗಡಿ ಬಾಡಿಗೆಗಳ ಮಾತು ನಡೆಯುವ ಈ ಸಭೆಯಲ್ಲಿ ಇವೊತ್ತು ಊರು ನೋಡುವ ಮಾತು ಯಾಕೆ ಎಂದು ಕೆಲವರು ಕೇಳಿದ್ದಾರೆ. ಕೇಳಿದ್ದು ಸರಿಯೇ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವೇ ಎಂಬ ಗಾದೆ ನಮಗೂ ಗೊತ್ತು. ಆದರೆ ಊರು ನೋಡುವುದು ಈಗ ಬರೀ ಮಲ್ಲಿಗೆ ಹೂವಾಗಿ ಉಳಿದಿಲ್ಲ; ಅದು ದೊಡ್ಡ ವ್ಯಾಪಾರವಾಗಿದೆ. ವ್ಯಾಪಾರವಾದ ಮೇಲೆ ಅದರ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಲೆಕ್ಕ ಕೇಳುವುದು ನಮ್ಮ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಲೆಕ್ಕ ನೋಡೋಣ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ತಾಯಿಬೇರು ಅಲ್ಲಿಯ ಹಳ್ಳಿಗಳಲ್ಲಿಯೇ ಇದೆ.

ಮೊದಲು ಒಂದು ಹಕ್ಕಿನ ಮಾತು. ದುಡಿಯುವವನಿಗೂ ತಿರುಗಾಟ ಬೇಕು, ಅದಕ್ಕೆ ಸಂಬಳ ಸಹಿತ ರಜೆ ಬೇಕು ಎಂದು ಸಮಾಜವಾದಿಗಳು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. 1936ರಲ್ಲಿ ಫ್ರಾನ್ಸ್ ದೇಶದಲ್ಲಿ ಕಾರ್ಮಿಕರು ಕಾರ್ಖಾನೆಗಳಲ್ಲಿಯೇ ಕುಳಿತು ಮುಷ್ಕರ ಹೂಡಿದರು. ಲಿಯೋನ್ ಬ್ಲುಂ ಅವರ ಸರಕಾರ ವರ್ಷಕ್ಕೆ ಎರಡು ವಾರದ ಸಂಬಳದ ರಜೆಯನ್ನು ಕಾಯಿದೆ ಮಾಡಿತು; ಕಾರ್ಮಿಕರಿಗೆ ರಿಯಾಯಿತಿ ರೈಲು ಟಿಕೆಟನ್ನೂ ಕೊಟ್ಟಿತು. ಸಮುದ್ರವನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದ ಎಷ್ಟೋ ಕುಟುಂಬಗಳು ಅದರ ದಡಕ್ಕೆ ಹೋದವು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳದ ರಜೆ ಎಂದು ಬರೆದಿಟ್ಟಿತು. ಆ ರಜೆ ಗುತ್ತಿಗೆ ಆಳಿಗೂ ಮಂಡಕ್ಕಿ ಭಟ್ಟಿಯ ಮುಂದೆ ಬೇಯುವವನಿಗೂ ಎಷ್ಟರಮಟ್ಟಿಗೆ ದಕ್ಕಿದೆ ಎಂಬುದನ್ನು ನೀವೇ ಬಲ್ಲಿರಿ. ಆದಕಾರಣ ತಿರುಗಾಟವೆಂಬುದು ಉಳ್ಳವರ ಸೊತ್ತೆಂದು ನಾವು ಬಿಟ್ಟುಕೊಡಬಾರದು.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಚನ್ನಗಿರಿ ಎಂದ ಕೂಡಲೆ ಸೂಳೆಕೆರೆ. ಕಾಗದಪತ್ರದಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಹರಿದ್ರಾವತಿಯನ್ನು ತಡೆದು ಕಟ್ಟಿದ ಏರಿ ಸಾವಿರ ಅಡಿಯ ಒಳಗೇ ಇದೆ. ಅದು ಹಿಡಿದು ನಿಲ್ಲಿಸಿದ ನೀರು ಮಾತ್ರ ಸುಮಾರು ಆರೂವರೆ ಸಾವಿರ ಎಕರೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ತೂಬುಗಳಿಂದ ಶತಮಾನಗಳ ಕಾಲ ಗದ್ದೆಗಳು ಕುಡಿದಿವೆ. ಇವೊತ್ತು ಚಿತ್ರದುರ್ಗ ಪಟ್ಟಣ ಕುಡಿಯುವುದೂ ಈ ಕೆರೆಯ ನೀರನ್ನೇ. ಸ್ವರ್ಗಾವತಿಯ ರಾಜನ ಮಗಳು ಶಾಂತವ್ವ ಕಟ್ಟಿಸಿದಳು ಎಂದು ಜನಪದರು ಹೇಳುತ್ತಾರೆ. ಆ ಜಾಗದಲ್ಲಿ ವಾಸವಾಗಿದ್ದ ಸೂಳೆಯರು ನೆಲ ಬಿಟ್ಟುಕೊಟ್ಟರು, ಕೆರೆಗೆ ನಮ್ಮ ಹೆಸರು ನಿಲ್ಲಲಿ ಎಂದು ಕೇಳಿಕೊಂಡರು ಎಂದೂ ಒಂದು ಕತೆಯಿದೆ. ಮರ್ಯಾದಸ್ಥರಿಗೆ ಆ ಹೆಸರು ನಾಚಿಕೆಯಾಯಿತು, ಬದಲಾಯಿಸಿದರು. ಶಾಂತವ್ವನ ಹೆಸರು ಬಂದದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ಮನೆಮಾರು ಬಿಟ್ಟುಕೊಟ್ಟ ಹೆಂಗಸರು ಕೇಳಿದ್ದು ಒಂದು ಹೆಸರು ಮಾತ್ರ. ಹಳ್ಳಿಯವರ ಬಾಯಿ ಅದನ್ನು ಈವರೆಗೆ ಉಳಿಸಿಕೊಂಡು ಬಂದಿದೆ. ಕತೆಯನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಕತೆಯಲ್ಲಿ ಯಾರು ಉಳಿಯುತ್ತಾರೆ ಎಂಬುದು ನಿಂತಿದೆ.

ಅದೇ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ; ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡು ನೀರಿನಲ್ಲಿ ವಸಂತ ಮಂಟಪ. ಪಕ್ಕದಲ್ಲಿಯೇ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆ, ಅಂದರೆ ದಾರಿಹೋಕರು ತಂಗುವ ಮನೆ. ರಣದುಲ್ಲಾ ಖಾನ ರಾಮದೇವರ ಗುಡಿ ಕೆಡವಿದನೆಂದು ಒಬ್ಬ ಹೇಳುತ್ತಾನೆ, ನಾಯಕ ಸೇಡು ತೀರಿಸಿಕೊಂಡನೆಂದು ಇನ್ನೊಬ್ಬ ಹೇಳುತ್ತಾನೆ. ಕಾದಾಡಿದವರು ಇಬ್ಬರು ಅಧಿಕಾರಸ್ಥರು. ಕಲ್ಲು ಕಡಿದವರು, ಹೊತ್ತವರು, ಗಾರೆ ಅರೆದವರು ಇಬ್ಬರ ಕಟ್ಟಡದಲ್ಲಿಯೂ ದುಡಿಯುವ ಜನರೇ. ಪುಷ್ಕರಿಣಿಯ ಮಂಟಪದ ಕಮಾನು ನೋಡಿ. ಎರಡು ಬಗೆಯ ಕಸಬು ಅಲ್ಲಿ ಒಂದಾಗಿದೆ. ಈ ಊರಿನ ಕತೆಯನ್ನು ಹೊರಗಿನವನಿಗೆ ಬಿಟ್ಟರೆ ಅವನು ಜಗಳದ ಅರ್ಧವನ್ನು ಮಾತ್ರ ಹೇಳಿ ಹೋಗುತ್ತಾನೆ. ಜಗಳದ ಬಿಸಿ ತಟ್ಟುವುದು ಸಂತೆಯಲ್ಲಿ ಅಕ್ಕಪಕ್ಕ ಗುಡಾರ ಹಾಕುವ ಇಬ್ಬರು ಬಡ ವ್ಯಾಪಾರಿಗಳಿಗೆ.

ಹತ್ತಿರದ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಷಹಾಜಿಯ ಸಮಾಧಿಯಿದೆ. ಅವರು ತೀರಿಕೊಂಡದ್ದು 1664ರಲ್ಲಿ. ಕವಿ ಎಚ್.ಎಸ್. ವೆಂಕಟೇಶಮೂರ್ತಿ ಹುಟ್ಟಿದ್ದೂ ಅದೇ ಊರಿನಲ್ಲಿ. ಒಂದು ಹಳ್ಳಿಗೆ ಇಷ್ಟು ಸಾಲದೆ? ಹೊದಿಗೆರೆಗೆ ದಾರಿ ಕೇಳುವವರು ನಮ್ಮ ಪಟ್ಟಣದಲ್ಲಿಯೇ ಎಷ್ಟು ಜನ ಇದ್ದಾರೆ?

ಹೊನ್ನಾಳಿಗೆ ಬನ್ನಿ. "ಹೊನ್ನಾಳಿ ಹೊಡ್ತ" ಎಂದು ನಾಡೆಲ್ಲ ಆಡಿ ನಗುತ್ತದೆ. ನಗುವವರಿಗೆ ಹೊನ್ನಾಳಿ ನಿಜಕ್ಕೂ ತಿಂದ ಹೊಡೆತ ಗೊತ್ತಿಲ್ಲ. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಆಗ ಮೈಸೂರು ಸೀಮೆಯಲ್ಲಿತ್ತು. ಅಮಲ್ದಾರ ರೈತನನ್ನು ಹಿಂಡಿದ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡೆವು ಎಂದರು. ಬೂದಿ ಬಸವಪ್ಪನ ಹೆಸರಿನಲ್ಲಿ ಬಂಡಾಯ ಹಬ್ಬಿತು. 1831ರಲ್ಲಿ ಹೊನ್ನಾಳಿ ಕೋಟೆಯ ಮೇಲೆ ಸೈನ್ಯ ಬಂತು, ಬಂಡಾಯಗಾರರನ್ನು ಗಲ್ಲಿಗೇರಿಸಿದರು. ಅದೇ ವರ್ಷ ಈ ಗಲಭೆಯನ್ನೇ ನೆಪ ಮಾಡಿಕೊಂಡು ಕಂಪನಿ ಸರಕಾರ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಿತು; ಅರಸರಿಗೆ ಮರಳಿಸಿದ್ದು 1881ರಲ್ಲಿ. ಒಂದು ರಾಜ್ಯದ ಐವತ್ತು ವರ್ಷದ ಚರಿತ್ರೆಯನ್ನು ತಿರುಗಿಸಿದ್ದು ಕಂದಾಯ ಕೊಡದ ರೈತನ ಕೂಟ. ತುಂಗಭದ್ರೆಯ ದಡದಲ್ಲಿ ನಿಂತು ಹಿರೇಕಲ್ಮಠವನ್ನು ನೋಡಿ ಕೈಮುಗಿದು ಬರುವ ಪ್ರವಾಸಿಗೆ ಈ ಮಾತನ್ನು ಹೇಳುವ ಒಂದು ಕಲ್ಲೋ ಹಲಗೆಯೋ ಆ ಪಟ್ಟಣದಲ್ಲಿ ಎದ್ದು ಕಾಣುವಂತೆ ನಿಲ್ಲಬೇಡವೇ?

ನ್ಯಾಮತಿ ಹೊನ್ನಾಳಿಯಿಂದಲೇ ಬೇರೆಯಾದ ತಾಲ್ಲೂಕು, 2017ರ ಬಜೆಟ್ಟಿನಲ್ಲಿ ಘೋಷಣೆಯಾದದ್ದು. ಸಿಂದ ಅರಸರು ಆಳಿದ ಬೆಳಗುತ್ತಿ, ಗುಡ್ಡದ ಮೇಲೆ ಸದಾ ನೀರು ಜಿನುಗುವ ತೀರ್ಥರಾಮೇಶ್ವರ, ಸೇವಾಲಾಲರ ಹುಟ್ಟೂರಾದ ಸೂರಗೊಂಡನಕೊಪ್ಪ, ಇವೆಲ್ಲ ಅಲ್ಲಿಯವು. ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಮಾಲೆ ಧರಿಸಿದ ಬಂಜಾರ ಭಕ್ತರು ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಬಂದು ಸೇರುತ್ತಾರೆ. ಬಂಜಾರರ ಕತೆಯೇ ಪ್ರಯಾಣದ ಕತೆ. ರೈಲು ಬರುವ ಮುಂಚೆ ಈ ದೇಶದ ಉಪ್ಪು, ದವಸ ಊರೂರು ತಲುಪಿದ್ದು ಅವರ ಹೇರೆತ್ತುಗಳ ಬೆನ್ನಿನ ಮೇಲೆ. ರೈಲು ಬಂತು, ಹೇರು ಹೋಯಿತು. 1871ರಲ್ಲಿ ಇಂಗ್ಲಿಷರು ಅಪರಾಧಿ ಬುಡಕಟ್ಟು ಕಾಯಿದೆ ಮಾಡಿದರು. ಮುಂದೆ ಹಲವು ಸೀಮೆಗಳಲ್ಲಿ ಬಂಜಾರರನ್ನೂ ಆ ಪಟ್ಟಿಗೆ ಹಾಕಿದರು. ಅದು ರದ್ದಾದದ್ದು 1952ರಲ್ಲಿ. ಇವೊತ್ತು ಜಾತ್ರೆಗೆ ದೇಶವೆಲ್ಲ ತಾಂಡಾಕ್ಕೆ ಬರುತ್ತದೆ. ಜಾತ್ರೆ ಮುಗಿದ ಮೇಲೆ ತಾಂಡಾದ ಜನ ಮಂಡ್ಯದ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಗಾರೆ ಕೆಲಸಕ್ಕೆ ಗುಳೆ ಹೋಗುತ್ತಾರೆ. ಬರುವವನ ಪ್ರಯಾಣವನ್ನು ಯಾತ್ರೆ ಎನ್ನುತ್ತೇವೆ, ಹೋಗುವವನ ಪ್ರಯಾಣಕ್ಕೆ ಹೆಸರನ್ನೂ ಇಡುವುದಿಲ್ಲ. ಊರು ನೋಡಲು ಬರುವವನ ಹಣದಲ್ಲಿ ಒಂದು ಪಾಲು ತಾಂಡಾದ ಒಲೆಗೂ ಕಸೂತಿಯ ಸೂಜಿಗೂ ತಲುಪಿದರೆ ಗುಳೆ ಹೋಗುವ ಗಂಟು ಒಂದಾದರೂ ಕಡಿಮೆಯಾದೀತು.

ಜಗಳೂರನ್ನು ಬರದ ತಾಲ್ಲೂಕು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಆ ಬರದ ನೆಲದಲ್ಲಿಯೇ ರಂಗಯ್ಯನದುರ್ಗದ ಅಡವಿಯಿದೆ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಅದನ್ನು ವನ್ಯಧಾಮ ಮಾಡಿದರು. ಭಾರತ, ನೇಪಾಳ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಈ ಪ್ರಾಣಿ ಕಾಡಿನಲ್ಲಿಲ್ಲ. ಕೊಡದಗುಡ್ಡದ ವೀರಭದ್ರ, ಕೊಣಚಗಲ್ಲಿನ ರಂಗಸ್ವಾಮಿ ಇವರ ಪರಿಷೆಗಳಿವೆ. ಊರಿಂದೂರಿಗೆ ಸಾಗುತ್ತ ಬಂದಿರುವ ತರಳಬಾಳು ಹುಣ್ಣಿಮೆ 1950ರಲ್ಲಿ ಶುರುವಾದದ್ದು ಜಗಳೂರಿನಲ್ಲಿಯೇ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾದ ಮಹಮದ್ ಇಮಾಂ ಅವರೂ ಜಗಳೂರಿನವರೇ. ಮುಂದೆ ಅವರು ಬೇರೆ ಪಕ್ಷಕ್ಕೆ ಹೋದರೆಂಬುದೂ ನಿಜ, ಜಗಳೂರಿನವರೆಂಬುದೂ ನಿಜ. ಇಲ್ಲಿ ಪ್ರವಾಸ ಬೆಳೆಯುವುದಾದರೆ ಒಂದು ಎಚ್ಚರ ಬೇಕು. ಕೊಂಡುಕುರಿ ಉಳಿಯಬೇಕು, ಕುರಿ ಮೇಯಿಸುವವನೂ ಉಳಿಯಬೇಕು. ಜೀಪಿನವನಿಗೆ ಗೇಟು ತೆರೆದು ಕಂಬಳಿಯವನಿಗೆ ಬೇಲಿ ಹಾಕಿದರೆ ಅದು ಯಾವ ನ್ಯಾಯ?

ಇಷ್ಟೆಲ್ಲ ಇದ್ದರೂ ನಾಡಿಗೆ ಗೊತ್ತಾಗಿಲ್ಲವೇಕೆ? ಹೇಳುವವರಿಲ್ಲ. ಹೇಳುವವರು ಬಂದರೆ ಹೊರಗಿನವರು ಬರುತ್ತಾರೆ, ಒಂದು ದಿನ ತಿರುಗಿ ಚಿತ್ರ ತೆಗೆದು ಹೋಗುತ್ತಾರೆ. ಅವರ ಬರಹದಲ್ಲಿ ಕೆರೆ ಇರುತ್ತದೆ, ಮೀನು ಹಿಡಿಯುವವನು ಇರುವುದಿಲ್ಲ. ಜಾತ್ರೆ ಇರುತ್ತದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದಿರುವುದಿಲ್ಲ. ನಮ್ಮ ಬೆಣ್ಣೆ ದೋಸೆಯನ್ನು ನೋಡಿ. ಅದರ ಹೆಸರನ್ನು ನಾಡಿನ ಉದ್ದಗಲಕ್ಕೆ ಹಬ್ಬಿಸಿದ್ದು ತಿಂದವರ ಬಾಯಿ. ಇವೊತ್ತು ಎಲ್ಲಿಯವರೋ ಎಲ್ಲಿಯೋ ದಾವಣಗೆರೆ ಬೆಣ್ಣೆ ದೋಸೆ ಎಂದು ಹಲಗೆ ಬರೆಸಿ ವ್ಯಾಪಾರ ಮಾಡುತ್ತಾರೆ. ಹೆಸರಿಗೆ ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಾದರೆ ಹೆಸರು ಮಾಡಿದ ಊರಿಗೆ ಪಾಲೆಷ್ಟು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಎರಡನೆಯದು ಬಸ್ಸು. ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲಿಲ್ಲ. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಗಾರ್ಮೆಂಟ್ಸಿನ ಅಕ್ಕಂದಿರು ವಾರದ ರಜೆಗೆ ಗುಡಿ, ಕೆರೆ ನೋಡಿ ಬರುವಂತಾದದ್ದು ಸಣ್ಣ ಮಾತಲ್ಲ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗಳ ದಾರಿಯಲ್ಲಿ ಖಾಸಗಿ ಬಸ್ಸೇ ಗತಿ. ಅಲ್ಲಿ ಈ ಸವಲತ್ತು ನಡೆಯುವುದಿಲ್ಲ. ಬಸ್ಸಿನ ವಿಷಯದಲ್ಲಿ ಕೊಪ್ಪದ ಕಾರ್ಮಿಕರನ್ನು ನೆನೆಯಬೇಕು. ಖಾಸಗಿ ಬಸ್ ಕಂಪನಿ ಕೈಬಿಟ್ಟಾಗ ಚಾಲಕರು, ಕಂಡಕ್ಟರರು, ಮೆಕ್ಯಾನಿಕ್ಕುಗಳು ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಮಲೆನಾಡಿನ ಸಂದುಗೊಂದಿಗೆ ಸುಮಾರು ಮೂರು ದಶಕ ಬಸ್ಸು ಓಡಿಸಿದರು. 2020ರಲ್ಲಿ ಅದು ನಿಂತಿತು. ನಿಂತಿತೆಂದು ನಗುವವರು ನಗಲಿ. ಮಾಲೀಕನಿಲ್ಲದೆ ಅಷ್ಟು ವರ್ಷ ಓಡಿತು ಎಂಬುದು ನಮ್ಮ ಪಾಠ. ಸರಕಾರದ ಕೈ ಆಸರೆಯಿಲ್ಲದೆ ಸಹಕಾರ ಸಂಸ್ಥೆ ಬಹಳ ದಿನ ನಿಲ್ಲಲಾರದು ಎಂಬುದು ಎರಡನೆಯ ಪಾಠ.

ಆದ್ದರಿಂದ ನಾವು ಕೇಳುವುದು ನಾಲ್ಕು ಮಾತು.

ಒಂದು: ಪ್ರತಿ ಗ್ರಾಮದವರು ತಮ್ಮ ಊರಿನ ಒಂದು ಪುಟ ಬರೆಯಲಿ. ನೋಡತಕ್ಕದ್ದೇನು, ಕತೆ ಬಲ್ಲ ಹಿರಿಯರು ಯಾರು, ಬಸ್ಸು ಎಷ್ಟು ಹೊತ್ತಿಗೆ, ಊಟ ಎಲ್ಲಿ, ದರವೆಷ್ಟು, ಸಂತೆ ಯಾವ ವಾರ, ಜಾತ್ರೆ ಯಾವ ತಿಂಗಳು. ಬರೆಯಲು ಪಂಡಿತರು ಬೇಡ. ಶಾಲೆಯ ಮಕ್ಕಳು ಅಜ್ಜಿಯನ್ನು ಕೇಳಿ ಬರೆದರೆ ಸಾಕು. ಕೈಯಲ್ಲಿ ಮೊಬೈಲು ಇರುವ ಹುಡುಗರು ಆ ಪುಟವನ್ನೇ ನಾಡಿಗೆಲ್ಲ ಕಳಿಸಲಿ.

ಎರಡು: ಭಾನುವಾರ ಮತ್ತು ಜಾತ್ರೆಯ ದಿನಗಳಲ್ಲಿ ದಾವಣಗೆರೆಯಿಂದ ಸೂಳೆಕೆರೆ, ಸಂತೇಬೆನ್ನೂರು, ತೀರ್ಥರಾಮೇಶ್ವರ, ಸೂರಗೊಂಡನಕೊಪ್ಪ, ಕೊಡದಗುಡ್ಡಗಳಿಗೆ ಹೋಗಿ ಬರಲು ಸಾಕಷ್ಟು ಸರಕಾರಿ ಬಸ್ಸು ಓಡಲಿ.

ಮೂರು: ಕೆರೆದಂಡೆಯನ್ನಾಗಲಿ ಗುಡ್ಡದ ಬುಡವನ್ನಾಗಲಿ ಹೊರಗಿನ ಹಣವಂತರಿಗೆ ಗುತ್ತಿಗೆ ಕೊಡಕೂಡದು. ಸೂಳೆಕೆರೆಯ ಎಲ್ಲೆ ಅಳತೆಯಾಗಿ ಕಲ್ಲು ನೆಡಲಿ. ವಾಹನ ನಿಲ್ಲಿಸುವ ಶುಲ್ಕ ಪಂಚಾಯತಿಗೆ, ಊಟದ ಮನೆ ಸ್ತ್ರೀಶಕ್ತಿ ಸಂಘಕ್ಕೆ, ದೋಣಿ ಮೀನುಗಾರರ ಸಹಕಾರ ಸಂಘಕ್ಕೆ, ದಾರಿ ತೋರಿಸುವ ಕೆಲಸ ಊರಿನ ಓದಿದ ಹುಡುಗ ಹುಡುಗಿಯರಿಗೆ ಇರಲಿ. ಅಡಿಕೆ ಮಾರಲು ತುಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿದ ಚನ್ನಗಿರಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಾಲ್ಕು: ಹೊನ್ನಾಳಿಯಲ್ಲಿ ರೈತರ ಬಂಡಾಯದ ನೆನಪಿಗೆ ಎಲ್ಲರೂ ಓದುವಂತಹ ಒಂದು ಕಲ್ಲು ನಿಲ್ಲಲಿ.

ವ್ಯಾಪಾರಸ್ಥ ಬಂಧುಗಳಿಗೆ ಕಡೆಯ ಒಂದು ಮಾತು. ಕಾರಿನಲ್ಲಿ ಬಂದವನು ನೀರಿನ ಬಾಟಲಿಯನ್ನೂ ಊಟದ ಡಬ್ಬಿಯನ್ನೂ ಜೊತೆಯಲ್ಲಿಯೇ ತಂದು ಖಾಲಿ ಮಾಡಿ ಅಲ್ಲಿಯೇ ಎಸೆದು ಹೋಗುತ್ತಾನೆ. ಬಸ್ಸಿನಲ್ಲಿ ಬಂದ ಸಂಸಾರ ಚಹಾ ಕುಡಿಯುತ್ತದೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತದೆ, ಮಗುವಿಗೆ ಪೀಪಿ ಕೊಳ್ಳುತ್ತದೆ, ಊರಿಗೆ ಹೂವು ಹಣ್ಣು ಒಯ್ಯುತ್ತದೆ. ನಿಮ್ಮ ಅಂಗಡಿ ನಡೆಯುವುದು ಇವರಿಂದ. ಕಾರ್ಮಿಕನಿಗೆ ರಜೆಯೂ ಬಸ್ಸೂ ಸಿಕ್ಕ ದಿನ ನಿಮ್ಮ ಗಲ್ಲಾಪೆಟ್ಟಿಗೆಯೂ ತುಂಬುತ್ತದೆ. ಹೀಗಾಗಿ ಈ ಬೇಡಿಕೆ ಇಬ್ಬರದೂ ಹೌದು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಪುಟ ಬರೆದು ತನ್ನಿ. ಅಕ್ಷರ ತಪ್ಪಿದ್ದರೆ ತಿದ್ದೋಣ. ಬಸ್ಸಿನ ಹೊತ್ತು ಮಾತ್ರ ತಪ್ಪಿರಕೂಡದು. ಅದನ್ನು ನಂಬಿ ಮಕ್ಕಳನ್ನು ಕರೆದುಕೊಂಡು ಹೊರಡುವ ಸಂಸಾರಗಳಿರುತ್ತವೆ. ಬಂದ ಪುಟಗಳನ್ನು ವಾರಕ್ಕೊಂದರಂತೆ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.